ಪೆಂಡಾಲಿನೊಳಗೆ ಕೂರುವ ಮುನ್ನ

ಡಿಸೆಂಬರ್ ಬಂತೆಂದರೆ ಶಾಲೆಗಳಲ್ಲಿ ವಾರ್ಷಿಕೋತ್ಸವದ ಸಂಭ್ರಮ. ಮಗಳಿಗೆ ಜರಿ ಲಂಗ, ಮಗನಿಗೆ ಕೃಷ್ಣನ ಕಿರೀಟ ಅಂತ ತಾಯಂದಿರಿಗೆ ಹದಿನೈದು ದಿನದಿಂದಲೇ ಬಿಡುವಿರುವುದಿಲ್ಲ. ಇಂಥ ಹೊತ್ತಿನಲ್ಲಿ ಬೆಂಕಿಯ ಮಾತು ಯಾಕಮ್ಮಾ ಅಂತೀರೇನೋ. ಹಬ್ಬದ ದಿನ ಒಲೆಯ ಮೇಲೆ ಎಣ್ಣೆ ಬಾಣಲೆ ಇಟ್ಟವಳು ಮೊದಲು ಮಕ್ಕಳನ್ನು ಅಡುಗೆಮನೆಯಿಂದ ಆಚೆ ಕಳಿಸ್ತಾಳಲ್ಲ, ಇದೂ ಹಾಗೇ ಅಂದುಕೊಳ್ಳಿ.

1995ರ ಡಿಸೆಂಬರ್ 23ರಂದು ಹರಿಯಾಣದ ಮಂಡಿ ಡಬ್ವಾಲಿ ಎಂಬ ಪೇಟೆಯಲ್ಲಿ ಒಂದು ಶಾಲೆಯ ವಾರ್ಷಿಕೋತ್ಸವ. ಮದುವೆ ಛತ್ರವೊಂದರ ಆವರಣದಲ್ಲಿ ಸಿಂಥೆಟಿಕ್ ಬಟ್ಟೆಯ ಪೆಂಡಾಲು ಹಾಕಿದ್ದರು. ಮಕ್ಕಳ ಕಾರ್ಯಕ್ರಮ ನೋಡಲು ಅಪ್ಪ ಅಮ್ಮಂದಿರು, ಅಜ್ಜಿಯರು ಕಿಕ್ಕಿರಿದಿದ್ದರು. ಪೆಂಡಾಲಿಗೆ ಬೆಂಕಿ ಹತ್ತಿತು. ಕೆಲವೇ ನಿಮಿಷಗಳಲ್ಲಿ ಮೇಲಿನ ಬಟ್ಟೆಯೆಲ್ಲ ಉರಿದು ಕೂತವರ ಮೇಲೆ ಬಿತ್ತು. ಓಡಲು ದಾರಿ ಸಾಲದೆ ನೂಕುನುಗ್ಗಲಾಯಿತು. 400ಕ್ಕೂ ಹೆಚ್ಚು ಜನ ತೀರಿಕೊಂಡರು. ಅವರಲ್ಲಿ ಬಹುಪಾಲು ಮಕ್ಕಳು ಮತ್ತು ಹೆಂಗಸರು.

ಎಲ್ಲೋ ಉತ್ತರದ ಮಾತು ಅನ್ನಬೇಡಿ. 1981ರ ಫೆಬ್ರವರಿ 7ರಂದು ನಮ್ಮ ಬೆಂಗಳೂರಿನಲ್ಲೇ ವೀನಸ್ ಸರ್ಕಸ್ಸಿನ ಗುಡಾರಕ್ಕೆ ಬೆಂಕಿ ಬಿದ್ದು 90ಕ್ಕೂ ಹೆಚ್ಚು ಜನ ಹೋದರು. ಹೆಚ್ಚಿನವರು ಮಕ್ಕಳೇ.

ಇದನ್ನೆಲ್ಲ ಹಣೆಬರಹ ಅಂದುಬಿಡುವುದು ಸುಲಭ. ಆದರೆ ಬೇಗ ಹೊತ್ತಿಕೊಳ್ಳುವ ಬಟ್ಟೆಯನ್ನು ತಂದು ಕಟ್ಟುವವರು ಮನುಷ್ಯರು. ಬಾಗಿಲು ಎಷ್ಟಿರಬೇಕು ಅಂತ ತೀರ್ಮಾನಿಸುವವರೂ ಮನುಷ್ಯರೇ. ಸ್ಟೌ ಹತ್ತಿರ ನೈಲಾನ್ ಸೀರೆ ಉಡಬಾರದು ಅಂತ ನಮಗೆ ಯಾರೂ ಪಾಠ ಹೇಳಬೇಕಿಲ್ಲ. ಅದೇ ಕಣ್ಣಿನಿಂದ ಶಾಲೆಯ ಪೆಂಡಾಲನ್ನೂ ನೋಡಿದರೆ ಸಾಕು.

ಮೊದಲು ಬಟ್ಟೆ. ಪೆಂಡಾಲುಗಳಿಗೆ ಸಿಂಥೆಟಿಕ್ ಬಟ್ಟೆ, ಸಿಂಥೆಟಿಕ್ ಹಗ್ಗ ಬಳಸಬಾರದು, ತೆಂಗಿನ ನಾರಿನ ಹಗ್ಗದಂಥದ್ದು ಬಳಸಬೇಕು ಅಂತ ಭಾರತೀಯ ಮಾನಕ ಸಂಸ್ಥೆಯ ನಿಯಮವೇ ಇದೆ. ಹತ್ತಿ ಬಟ್ಟೆಯೂ ಉರಿಯುತ್ತದೆ, ನಿಜ. ಆದರೆ ಸಿಂಥೆಟಿಕ್ಕಿನ ಹಾಗೆ ಕರಗಿ ಮೈಗೆ ಅಂಟುವುದಿಲ್ಲ.

ಆಮೇಲೆ ದಾರಿ. ಹೋಗಿಬರಲು ಬೇರೆ ಬೇರೆ ದಿಕ್ಕಿನಲ್ಲಿ ಎರಡಾದರೂ ಅಗಲವಾದ ದಾರಿ ಇರಲಿ. ಅತಿಥಿಗಳಿಗೆ ಮಾತ್ರ ಅಂತ ಒಂದಕ್ಕೆ ಬೀಗ ಹಾಕಿದರೆ ಅದು ದಾರಿಯ ಲೆಕ್ಕಕ್ಕೆ ಬರುವುದಿಲ್ಲ. ಕುರ್ಚಿಗಳ ಮಧ್ಯೆ ಓಡಾಡಲು ಜಾಗ ಬಿಡಿಸಿ.

ಮೂರನೆಯದು ಕರೆಂಟು. ಜೋಡಿಸಿದ ವೈರುಗಳು ಬಟ್ಟೆಗೆ ತಾಗಬಾರದು. ಬಿಸಿಯಾಗುವ ಫೋಕಸ್ ಲೈಟು ಪರದೆಯಿಂದ ದೂರವಿರಲಿ. ಜನರೇಟರೂ ಅಡುಗೆಯ ಒಲೆಯೂ ಪೆಂಡಾಲಿನಿಂದ ಆಚೆ ಇರಲಿ. ಒಂದು ಪಕ್ಕದಲ್ಲಿ ನೀರಿನ ಡ್ರಮ್ಮು, ನಾಲ್ಕು ಬಕೆಟ್ ಮರಳು ಇಡಿಸಿ. ಕರೆಂಟಿನ ಬೆಂಕಿಗೆ ಮಾತ್ರ ನೀರು ಹಾಕಬಾರದು, ಮೊದಲು ಮೈನ್ ಸ್ವಿಚ್ ಆರಿಸಬೇಕು. ಅದು ಎಲ್ಲಿದೆ ಅಂತ ಒಬ್ಬರಿಗಾದರೂ ಗೊತ್ತಿರಲಿ.

“ಹೆಂಗಸರು ಇದನ್ನೆಲ್ಲ ಕೇಳಿದರೆ ಹೆಡ್‌ಮಾಸ್ಟರು ಏನಂದುಕೊಂಡಾರು?” ಅಂತ ಸಂಕೋಚವೇ? ಒಬ್ಬರೇ ಹೋಗಬೇಡಿ. ನಾಲ್ಕು ಜನ ತಾಯಂದಿರು ಸೇರಿ, ಪೆಂಡಾಲಿನವರಿಗೆ ಅಡ್ವಾನ್ಸ್ ಕೊಡುವುದಕ್ಕೆ ಮೊದಲೇ ಹೋಗಿ. ಕಟ್ಟಿದ ಮೇಲೆ ಬಿಚ್ಚಿಸುವುದು ಯಾರಿಗೂ ಬೇಡದ ಕೆಲಸ. ಸರಕಾರಿ ಶಾಲೆಯಾದರೆ ಎಸ್‌ಡಿಎಂಸಿಯಲ್ಲಿ ಪೋಷಕರೇ ಇರುತ್ತಾರೆ, ಅವರ ಸಭೆಯಲ್ಲಿ ಮಾತೆತ್ತಿ. “ತಪ್ಪು ಹುಡುಕಲು ಬಂದಿಲ್ಲ ಸಾರ್, ಕೈ ಜೋಡಿಸಲು ಬಂದಿದ್ದೇವೆ” ಅಂದರೆ ಯಾವ ಮೇಷ್ಟರೂ ಬೇಡವೆನ್ನಲಾರರು.

ಇನ್ನು ನಮ್ಮ ಕೈಯಲ್ಲೇ ಇರುವ ಕೆಲಸ. ಜರಿ ಬಟ್ಟೆಯ ಒಳಗೆ ಮಗುವಿಗೆ ಹತ್ತಿಯ ಪೆಟಿಕೋಟು, ಬನಿಯನ್ನು ಹಾಕಿ. ನೈಲಾನ್ ಉಡುಪು ತೊಡಿಸಿ ಕೈಗೆ ಉರಿಯುವ ದೀಪ ಕೊಟ್ಟು ಕುಣಿಸುವುದು ಬೇಡವೇ ಬೇಡ. ಬಟ್ಟೆಗೆ ಬೆಂಕಿ ಹತ್ತಿದರೆ ಓಡಬಾರದು, ನಿಂತಲ್ಲೇ ನೆಲಕ್ಕೆ ಬಿದ್ದು ಹೊರಳಬೇಕು ಅಂತ ಆಟದ ಹಾಗೆ ಒಂದೆರಡು ಸಲ ಮಾಡಿಸಿ.

ಮುಖ್ಯವಾದ ಮಾತು ಇನ್ನೊಂದಿದೆ. ಗಲಾಟೆಯಾದಾಗ ತಾಯಿ ಹೊರಗೆ ಓಡುವುದಿಲ್ಲ, ಮಗುವನ್ನು ಹುಡುಕಿಕೊಂಡು ಸ್ಟೇಜಿನ ಕಡೆಗೇ ನುಗ್ಗುತ್ತಾಳೆ. ಮಗು ಅಮ್ಮನನ್ನು ಹುಡುಕಿಕೊಂಡು ಇತ್ತ ಬರುತ್ತದೆ. ಅದಕ್ಕೇ ಹೊರಗಿನ ಒಂದು ಜಾಗ, ಬೇವಿನ ಮರವೋ, ನಲ್ಲಿಯ ಕಟ್ಟೆಯೋ, ಮೊದಲೇ ತೋರಿಸಿ, “ಏನಾದರೂ ಆದರೆ ಟೀಚರ್ ಜೊತೆ ಅಲ್ಲಿಗೆ ಬಾ ಪುಟ್ಟಾ, ನಾನೂ ಅಲ್ಲಿಗೇ ಬರ್ತೀನಿ” ಅಂತ ಹೇಳಿಡಿ. ಸ್ಟೇಜಿನ ಹಿಂದಿರುವ ಮಕ್ಕಳನ್ನು ಕರೆದೊಯ್ಯಲು ಇಬ್ಬರು ಟೀಚರುಗಳನ್ನು ಗೊತ್ತು ಮಾಡಲು ಶಾಲೆಯವರಿಗೂ ಹೇಳಿ.

ಸುಟ್ಟ ಗಾಯಕ್ಕೆ ಇಂಕು, ಟೂತ್‌ಪೇಸ್ಟು, ಬೆಣ್ಣೆ ಏನೂ ಹಚ್ಚಬೇಡಿ. 20 ನಿಮಿಷ ತಣ್ಣನೆಯ ನಲ್ಲಿ ನೀರು ಬಿಡಿ, ಐಸ್ ಬೇಡ. ಮೈಗೆ ಅಂಟಿದ ಬಟ್ಟೆಯನ್ನು ಕೀಳದೆ ಆಸ್ಪತ್ರೆಗೆ ಒಯ್ಯಿರಿ. ಅಗ್ನಿಶಾಮಕದವರಿಗೆ 101 ಇಲ್ಲವೇ 112.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೇನು ಬಂತು? ಡಬ್ವಾಲಿಯ ತಾಯಂದಿರೂ ನಮ್ಮ ಹಾಗೇ ಬೆಳಿಗ್ಗೆ ಎದ್ದು ಮಕ್ಕಳಿಗೆ ತಲೆ ಬಾಚಿ, ಕಾಡಿಗೆ ಹಚ್ಚಿ ಕಳಿಸಿದವರು. ಕುಣಿದು ದಣಿದ ಮಗು ರಾತ್ರಿ ನಮ್ಮ ಹೆಗಲ ಮೇಲೆ ನಿದ್ದೆ ಹೋಗುತ್ತಾ ಮನೆ ಸೇರಿದರೆ, ಅದಕ್ಕಿಂತ ದೊಡ್ಡ ಬಹುಮಾನ ಯಾವ ಸ್ಟೇಜಿನಲ್ಲೂ ಸಿಗುವುದಿಲ್ಲ.