ಬಿರುಕಿನ ಬಾಯಿ, ನೀರಿನ ದಾರಿ

ಆಷಾಢದ ಗಾಳಿ ಎದ್ದೊಡನೆ ಅರಕಲಗೂಡಿನ ಮನೆಗಳ ಪಡುವಣ ಗೋಡೆಗಳಿಗೆ ಪರೀಕ್ಷೆಯ ಕಾಲ ಬರುತ್ತದೆ. ಮಲೆನಾಡಿನ ಸೆರಗಿನಲ್ಲಿರುವ ಆ ತಾಲ್ಲೂಕಿನಲ್ಲಿ ಜಡಿಮಳೆ ದಿನಗಟ್ಟಲೆ ಓರೆಯಾಗಿ ಬಡಿಯುವುದುಂಟು. ಮೂಡಲಿಗೆ ಸರಿದಂತೆ ಮಳೆ ತೆಳುವಾಗುತ್ತದೆ. ಹೊಳೆನರಸೀಪುರವನ್ನು ದಾಟಿ ಚನ್ನರಾಯಪಟ್ಟಣದ ಬಯಲನ್ನು ಸೇರುವ ವೇಳೆಗೆ ಬಿಸಿಲೇ ಗೋಡೆಯ ದೊಡ್ಡ ಶತ್ರು. ಹಾಸನಕ್ಕೆ ಎರಡರ ಕಾಟವೂ ಇದೆ. ಆದರೂ ಗೋಡೆ ಬಿರಿಯಿತೆಂದರೆ ಎಲ್ಲೆಡೆ ನಡೆಯುವುದು ಒಂದೇ ಚಿಕಿತ್ಸೆ: ಒಂದು ಬಾಣಲಿ ಸಿಮೆಂಟು ಕಲಸಿ ಮೆತ್ತಿ, ಮೇಲೆ ಬಣ್ಣ ಬಳಿಯುವುದು. ಮರುವರ್ಷ ಅದೇ ಬಿರುಕು ಅದೇ ತಾಣದಲ್ಲಿ ಇಣುಕುತ್ತದೆ.

ಬಿರುಕಿನ ರೂಪವೇ ಅದರ ಹುಟ್ಟನ್ನು ಬಹುಮಟ್ಟಿಗೆ ತಿಳಿಸುತ್ತದೆ. ತಾರಸಿಯ ಕೆಳಗೇ ಅಡ್ಡಲಾಗಿ ಓಡುವ ಗೆರೆ ಸಾಮಾನ್ಯವಾಗಿ ಬಿಸಿಲಿನ ಕೆಲಸ; ಕಾಂಕ್ರೀಟು ಹಗಲು ಹಿಗ್ಗಿ ಇರುಳು ಕುಗ್ಗುವಾಗ ಗೋಡೆಯನ್ನು ಎಳೆಯುತ್ತದೆ. ಇಟ್ಟಿಗೆಯ ಸಂದುಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಬಿರುಕಾದರೆ ತಳಪಾಯದ ಮೇಲೆ ಸಂಶಯ ಪಡಬೇಕು. 1984ರಲ್ಲಿ ಭಾರತೀಯ ಮಾನಕ ಸಂಸ್ಥೆ ಹೊರತಂದ ಕೈಪಿಡಿಯೊಂದು ಒಂದು ಮಿಲಿಮೀಟರಿಗಿಂತ ಕಿರಿದಾದುದನ್ನು ತೆಳು ಬಿರುಕೆಂದೂ, ಎರಡನ್ನು ಮೀರಿದುದನ್ನು ಅಗಲ ಬಿರುಕೆಂದೂ ವಿಂಗಡಿಸಿದೆ. ಅಗಲಕ್ಕಿಂತ ಮುಖ್ಯವಾದ ಪ್ರಶ್ನೆ, ಅದು ಬೆಳೆಯುತ್ತಿದೆಯೇ ಎಂಬುದು. ಬಿರುಕಿಗೆ ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿಯನ್ನಿಟ್ಟು, ಎರಡು ತುದಿಗಳಿಗೂ ಗಾರೆ ಹಾಕಿ, ಪಕ್ಕದಲ್ಲಿ ತಾರೀಖು ಬರೆದಿಡುವುದು ಹಳೆಯ ಉಪಾಯ. ಗಾಜು ಒಡೆದರೆ ಗೋಡೆ ಇನ್ನೂ ಚಲಿಸುತ್ತಿದೆ ಎಂದರ್ಥ; ಆಗ ಕರೆಯಬೇಕಾದವರು ಬಣ್ಣದವರಲ್ಲ, ಎಂಜಿನಿಯರು.

ಚಲಿಸದ ಬಿರುಕಿನ ಚಿಕಿತ್ಸೆ ಸುಲಭ. ಅದನ್ನು ಕೆತ್ತಿ ತುಸು ಅಗಲಿಸಿ, ಧೂಳನ್ನು ಕುಂಚದಿಂದ ತೆಗೆದು, ನೀರು ಚಿಮುಕಿಸಿ ಗಾರೆ ತುಂಬಬೇಕು. ಬಳಿಕ ಒಂದು ವಾರ ನೀರುಣಿಸಬೇಕು. ಈ ಕೊನೆಯ ಕೆಲಸವನ್ನು ಮೇಸ್ತ್ರಿ ಮಾಡುವುದಿಲ್ಲ, ಮನೆಯವರು ಮರೆಯುತ್ತಾರೆ.

ನೀರಿನ ವ್ಯವಹಾರ ಇಷ್ಟು ನೇರವಲ್ಲ. ಅಡುಗೆಮನೆಯಲ್ಲಿ ಕಾಣುವ ತೇವದ ಮೂಲ ನಾಲ್ಕು ಅಡಿ ಮೇಲೆ, ಕಿಟಕಿಯ ಸಜ್ಜೆ ಗೋಡೆಯನ್ನು ಸೇರುವ ಸಂದಿನಲ್ಲಿರಬಹುದು. ತಾರಸಿಯ ಮೂಲೆಯಲ್ಲಿ ಕಾಗೆ ಬಿತ್ತಿದ ಅರಳಿಯ ಸಸಿಯ ಬುಡದಲ್ಲಿಯೂ ಇರಬಹುದು. ಒಣದಿನದಲ್ಲಿ ಹೊರಗೋಡೆಗೆ ಕೊಳವೆಯಿಂದ ನೀರು ಬಿಡುತ್ತ, ಕೆಳಗಿನಿಂದ ಆರಂಭಿಸಿ ನಿಧಾನವಾಗಿ ಮೇಲಕ್ಕೆ ಸರಿದರೆ ಕಳ್ಳ ಸಿಕ್ಕಿಬೀಳುತ್ತಾನೆ. ಮೇಲಿನಿಂದ ಆರಂಭಿಸಿದರೆ ಇಡೀ ಗೋಡೆ ತೊಯ್ದು, ಏನೂ ತಿಳಿಯದು.

ಹಿರಿಯರು ಕಟ್ಟಿದ ಹೆಂಚಿನ ಮನೆಗಳ ಮಾತು ಬೇರೆ. ಮಣ್ಣು, ಸುಣ್ಣಗಳ ಗೋಡೆ ತೇವವನ್ನು ಹೀರಿ ಮತ್ತೆ ಹೊರಬಿಡುತ್ತದೆ. ಅದರ ಮೇಲೆ ಗಟ್ಟಿ ಸಿಮೆಂಟಿನ ಗಾರೆ ಬಳಿದರೆ ಒಳಗಿನ ನೀರಿಗೆ ದಾರಿ ಮುಚ್ಚಿ, ಗಾರೆ ಹಪ್ಪಳದಂತೆ ಎದ್ದು ಬೀಳುತ್ತದೆ. ಅದಕ್ಕಿಂತ ಕೆಟ್ಟದ್ದು, ಒಳಗಿನ ಮಣ್ಣು ಸದ್ದಿಲ್ಲದೆ ಮೆತ್ತಗಾಗುತ್ತದೆ. ಅಂಥ ಗೋಡೆಗೆ ಸುಣ್ಣದ ಗಾರೆಯೇ ಸರಿ. ಸೂರನ್ನು ಮುಂದಕ್ಕೆ ಚಾಚಿ, ಮುರಿದ ಹೆಂಚನ್ನು ಬದಲಿಸಿದರೆ ಅರ್ಧ ರಿಪೇರಿ ಮುಗಿದಂತೆ.

ಸೂರಿಲ್ಲದ ಗೋಡೆಯ ಪಾಡನ್ನು ಕಾಣಲು ಗೊರೂರಿನ ಬಳಿಯ ಶೆಟ್ಟಿಹಳ್ಳಿಗೆ ಹೋಗಬಹುದು. 1860ರ ಸುಮಾರಿಗೆ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಇಗರ್ಜಿ ಹೇಮಾವತಿಯ ಜಲಾಶಯಕ್ಕೆ ಸಿಕ್ಕಿ, ಮಳೆಗಾಲದಲ್ಲಿ ಮುಳುಗುತ್ತ ಬೇಸಗೆಯಲ್ಲಿ ಮೇಲೇಳುತ್ತ ನಿಂತಿದೆ. ಮಾಡು ಹೋಗಿದೆ, ಗಾರೆ ಉದುರಿದೆ, ಇಟ್ಟಿಗೆ ಬಯಲಾಗಿದೆ. ನೋಡುವವರಿಗೆ ರಮ್ಯ, ಗೋಡೆಗೆ ನೆನೆದು ಒಣಗುವ ಪ್ರತಿಯೊಂದು ಸುತ್ತೂ ಸವೆತ.

ದುರಸ್ತಿಗೆ ಹದವಾದ ಕಾಲ ಯುಗಾದಿಯ ಆಸುಪಾಸು; ಆಗ ಗೋಡೆ ಒಳಗಿನವರೆಗೂ ಒಣಗಿರುತ್ತದೆ. ಅದು ತಪ್ಪಿ ಮಳೆ ಹಿಡಿದುಬಿಟ್ಟರೆ ಗಾರೆ ಕೆಲಸಕ್ಕೆ ಕೈಹಾಕದೆ, ಹೊರಗಿನಿಂದ ತಾಡಪಾಲು ಇಳಿಬಿಟ್ಟು ಗೋಡೆಯನ್ನು ಕಾಯುವುದು ಲೇಸು. ಹಳೆಯ ಮಣ್ಣಿನ ಗೋಡೆ ಹೊಟ್ಟೆ ಬಿಟ್ಟಿದ್ದರೆ, ಬಿರುಕಿನಲ್ಲಿ ಬೆರಳು ತೂರುವಂತಿದ್ದರೆ, ಆ ರಾತ್ರಿಯಿಂದಲೇ ಮಕ್ಕಳ ಹಾಸಿಗೆಯನ್ನು ಆ ಕೋಣೆಯಿಂದ ತೆಗೆಯಬೇಕು. ಮೇಸ್ತ್ರಿ ನಾಳೆ ಬರುತ್ತೇನೆಂದು ಹೇಳಿದ್ದರೂ ಸರಿಯೇ.