ನೋವಿನ ಗುಳಿಗಿ, ನಿದ್ದಿ ಗುಳಿಗಿ

ಅಕ್ಕಲಕೋಟೆ ಕಡೆಯ ರೈತ ನಡುನೋವಿಗೆ ಸೊಲ್ಲಾಪುರಕ್ಕೆ ಹೋದರೆ, ವೈದ್ಯರು ಹೇಳುವುದು ಎಷ್ಟೋ ಸಲ ಮರಾಠಿಯಲ್ಲಿ, ಚೀಟಿ ಇಂಗ್ಲಿಷಿನಲ್ಲಿ. ಮನೆಯಲ್ಲಿ ಗುಳಿಗಿ ಕೊಡುವ ಮುದುಕಿಗೆ ತಿಳಿಯುವುದು ಕನ್ನಡ. ನಡುವೆ ಬಿಟ್ಟುಹೋದ ಒಂದು ಮಾತು ಜೀವ ತೆಗೆದೀತು.

ಟ್ರಮಡಾಲ್, ಟಪೆಂಟಡಾಲ್, ಮಾರ್ಫಿನ್ ಇವು ಅಫೀಮಿನ ಬಳಗದ ನೋವಿನ ಔಷಧಿ. ಕ್ಯಾನ್ಸರ್ ರೋಗಿಗೆ, ಆಪರೇಷನ್ ಆದವರಿಗೆ ಬೇಕಾಗುತ್ತವೆ. ಹೆದರಿ ಒಮ್ಮೆಲೇ ಬಿಡಬಾರದು. ಆದರೆ ಇವುಗಳ ಜೊತೆ ಆಲ್ಪ್ರಜೊಲಾಮ್, ಡಯಾಜೆಪಾಮ್‌ನಂಥ ನಿದ್ದಿ ಗುಳಿಗಿಯೋ, ಸೆರೆ-ಸಿಂದಿಯೋ ಕೂಡಿದರೆ ಉಸಿರೇ ನಿಧಾನವಾಗಿ ನಿಂತುಹೋಗಬಹುದು. ಈ ಗುಳಿಗಿ ಜೋಡಿಯ ಮೇಲೆ ಅಮೆರಿಕದ ಆಹಾರ-ಔಷಧ ಆಡಳಿತ 2016ರಲ್ಲೇ ಅತಿ ಕಠಿಣ ಎಚ್ಚರಿಕೆ ಬರೆಸಿತು. ಟ್ರಮಡಾಲ್‌ಗೆ ಕೆಲವು ಖಿನ್ನತೆಯ ಗುಳಿಗಿ ಕೂಡಿದರೆ ಫಿಟ್ಸ್ ಬರಬಹುದು. 2018ರಲ್ಲಿ ಟ್ರಮಡಾಲ್ ನಮ್ಮ ಮಾದಕವಸ್ತು ಕಾಯ್ದೆಯೊಳಗೆ ಬಂತು. ಆದರೆ ಕಾಯ್ದೆ ಅಂಗಡಿ ತನಕ. ಮನೆಯ ಗುಳಿಗಿ ಡಬ್ಬಿ ನೋಡುವವರು ನಾವೇ.

ನಾನು ಹೊಲದವನು. ಎರಡು ಔಷಧಿ ಕಲಸಿ ಬೆಳೆಗೆ ಹೊಡೆಯುವ ಮೊದಲು "ಇವು ಕೂಡತಾವೇನ್ರಿ?" ಅಂತ ಕೇಳುತ್ತೇನೆ. ಅದನ್ನೇ ದೇಹಕ್ಕೂ ಕೇಳೋಣ. ಇದ್ದಬದ್ದ ಗುಳಿಗಿಯೆಲ್ಲ ಚೀಲದಲ್ಲಿ ಒಯ್ದು ಡಾಕ್ಟರಿಗೆ ತೋರಿಸ್ರಿ, ಕುಡಿತ ಮುಚ್ಚಿಡಬ್ಯಾಡ್ರಿ. ರೋಗಿ ಎಬ್ಬಿಸಿದರೂ ಏಳದಿದ್ದರೆ, ಉಸಿರು ಕುಂದಿ ತುಟಿ ನೀಲಿಯಾದರೆ ತಡಮಾಡದೆ 108ಕ್ಕೆ ಫೋನ್ ಮಾಡ್ರಿ. ವೇಳೆಗೆ ಮುಟ್ಟಿದರೆ ನಾಲೊಕ್ಸೋನ್ ಇಂಜೆಕ್ಷನ್ ಉಳಿಸಬಲ್ಲದು.

ಸೊಲ್ಲಾಪುರದ ಮನೆಮಾತು ಮರಾಠಿ, ಕನ್ನಡ, ತೆಲುಗು. ದವಾಖಾನಿ, ಔಷಧಿ ಅಂಗಡಿಗಳ ಮುಂದೆ ಈ ಎಚ್ಚರಿಕೆಯನ್ನು ಮೂರರಲ್ಲೂ ಬರೆಸಬೇಕು. ಗಡಿಯ ತಂಟೆ ಇದ್ದದ್ದೇ. ಇಷ್ಟಕ್ಕೆ ಯಾರ ಅಡ್ಡಿಯೂ ಇರಬಾರದು.