ಶೀಲವೂ ಶಾಸನವೂ

ವಿವಾಹಪೂರ್ವ ಸಂಗವು ಪಾಪವೆಂಬ ಮತಬೋಧೆಯನ್ನು ದಂಡಶಾಸನವಾಗಿಸಬೇಕೆ? ಇಂಡೊನೇಷ್ಯವು 2022ರಲ್ಲಿ ಹಾಗೆ ಮಾಡಿ, ಒಂದು ವರ್ಷದವರೆಗಿನ ಸೆರೆಯನ್ನು ವಿಧಿಸಿತು. ಅವಿವಾಹಿತರ ಮೇಲೆ ದೂರು ಕೊಡತಕ್ಕವರು ತಂದೆತಾಯಿಗಳು ಅಥವಾ ಮಕ್ಕಳು. ಮಗಳನ್ನು ತಿದ್ದಬೇಕಾದ ತಂದೆಯೇ ಆಕೆಯನ್ನು ಸೆರೆಮನೆಗೆ ಒಪ್ಪಿಸುವುದು ಯಾವ ಗೃಹಧರ್ಮ? ವಯಸ್ಕರು ಪರಸ್ಪರ ಸಮ್ಮತಿಯಿಂದ ಕೂಡಿದರೆ ಅಪರಾಧವಲ್ಲವೆಂದು ನಮ್ಮ ಸರ್ವೋಚ್ಚ ನ್ಯಾಯಾಲಯವು 2010ರಲ್ಲಿ ಹೇಳಿತು.

ಶಕುಂತಲೆಯ ಕಥೆಯನ್ನು ವಾಚಕರು ಬಲ್ಲರಷ್ಟೆ. ತಾನಿಲ್ಲದಾಗ ಗಾಂಧರ್ವವಿಧಿಯಿಂದ ದುಷ್ಯಂತನನ್ನು ವರಿಸಿದ ಮಗಳನ್ನು ಕಣ್ವನು ದಂಡಿಸಲಿಲ್ಲ. ಹರಸಿ ಪತಿಗೃಹಕ್ಕೆ ಕಳುಹಿಸಿದನು. ಆಕೆಯ ಕಣ್ಣೀರಿಗೆ ಕಾರಣವಾದುದು ಅರಸನ ನಿರಾಕರಣೆ. ಆದುದರಿಂದ ಶಾಸನವು ವಂಚಿತಳನ್ನೂ ಕೂಸನ್ನೂ ಕಾಯಲಿ. ವಿವಾಹವಿಲ್ಲದೆ ಹುಟ್ಟಿದ ಮಗುವಿಗೂ ತಂದೆಯು ಜೀವನಾಂಶ ಕೊಡಬೇಕೆಂದು ನಮ್ಮ ಕಾನೂನು ವಿಧಿಸಿರುವುದು ಯುಕ್ತವೇ ಸರಿ. ಸಂಯಮವು ಶ್ರೇಯಸ್ಕರವೆಂಬುದರಲ್ಲಿ ನಮಗೆ ಸಂಶಯವಿಲ್ಲ. ಅದನ್ನು ಕಲಿಸುವ ಹೊಣೆ ಮಾತ್ರ ಮನೆಯದು, ಪೋಲೀಸರದಲ್ಲ.